ಚಾಕುಗಳ ಪಕ್ಕದ ಫೋನು

14 ಜೂನ್ 2025, ಶನಿವಾರ ರಾತ್ರಿ

ಇವತ್ತು ‘ಬ್ರೇಕಿಂಗ್ ಬ್ಯಾಡ್’ ಅನ್ನುವ ಅಮೆರಿಕನ್ ಟಿವಿ ಸೀರೀಸ್‌ನ 60ನೇ ಎಪಿಸೋಡ್ ಮತ್ತೆ ನೋಡಿದೆ. ‘ಓಜಿಮ್ಯಾಂಡಿಯಸ್’. ಟಿವಿ ಆರಿಸಿ ಅರ್ಧ ಗಂಟೆ ಆಯ್ತು, ಎದೆ ಭಾರ ಇನ್ನೂ ಇಳಿದಿಲ್ಲ. ನಿದ್ದೆ ಬರುವ ಹಾಗಿಲ್ಲ, ಅದಕ್ಕೇ ಬರೆಯಲು ಕೂತೆ. ಈ ಸೀರೀಸ್ ನೋಡದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಮುಂದೆ ಕಥೆಯ ಗುಟ್ಟೆಲ್ಲ ಇದೆ.

ಮೊದಲ ಸಲ ನೋಡಿದಾಗ ನನಗೆ ಸ್ಕೈಲರ್‌ಳನ್ನು ಕಂಡರೆ ಆಗುತ್ತಿರಲಿಲ್ಲ. ಅವಳ ಗಂಡ ವಾಲ್ಟರ್, ಕೆಮಿಸ್ಟ್ರಿ ಮೇಷ್ಟ್ರು, ಅವನಿಗೆ ಶ್ವಾಸಕೋಶದ ಕ್ಯಾನ್ಸರ್. ಸಾಯೋದರೊಳಗೆ ಮನೆಯವರಿಗೆ ನಾಲ್ಕು ಕಾಸು ಮಾಡಿಡಬೇಕು ಅಂತ ಗುಟ್ಟಾಗಿ ಮಾದಕವಸ್ತು ತಯಾರಿಸುತ್ತಾ ಒದ್ದಾಡುತ್ತಿದ್ದಾನೆ. ಇವಳು ನೋಡಿದರೆ ಎಲ್ಲಿದ್ದೆ, ಯಾರ ಫೋನು ಅಂತ ಪ್ರಾಣ ತಿನ್ನುತ್ತಾಳೆ. ಅವಳು ತೆರೆಯ ಮೇಲೆ ಬಂದರೆ ಸಾಕು, ನನಗೆ ಸಿಟ್ಟು. ಅಕ್ಕ ಆಗಲೇ ಹೇಳಿದ್ದಳು, “ನಿನಗೆ ಗೊತ್ತಿರೋದನ್ನ ಬಿಡು. ಅವಳಿಗೆ ಏನು ಗೊತ್ತು, ಅಷ್ಟನ್ನೇ ಇಟ್ಕೊಂಡು ನೋಡು.” ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಸಲ ಹಾಗೇ ನೋಡಿದೆ. ಕಥೆಯೇ ಬೇರೆ ಆಗಿಬಿಡುತ್ತದೆ! ಅವಳು ಬಸುರಿ. ಗಂಡ ಹೇಳದೆ ಕೇಳದೆ ಮಾಯವಾಗುತ್ತಾನೆ. ಆಮೇಲೆ ಸೂಪರ್ ಮಾರ್ಕೆಟ್ಟಿನಲ್ಲಿ ಬರಿಮೈಯಲ್ಲಿ ಸಿಗುತ್ತಾನೆ, ಏನೂ ನೆನಪಿಲ್ಲ ಅನ್ನುತ್ತಾನೆ. ಎರಡನೇ ಫೋನ್ ಇಲ್ಲವೇ ಇಲ್ಲ ಅಂತ ಸಾಧಿಸಿದವನು, ಆಪರೇಷನ್‌ಗೆ ಮುಂಚೆ ಮದ್ದಿನ ಮಂಪರಿನಲ್ಲಿ ಅವಳು ಫೋನಿನ ಬಗ್ಗೆ ಕೇಳಿದ ಕೂಡಲೇ “ಯಾವುದು?” ಅಂದುಬಿಡುತ್ತಾನೆ. ಆ ಒಂದು ಮಾತಿಗೆ ಅವಳ ಮುಖ ನೋಡಬೇಕು. ಅವಳ ಜಾಗದಲ್ಲಿ ಯಾರಿದ್ದರೂ ಪ್ರಶ್ನೆ ಕೇಳಲೇಬೇಕು, ಅಲ್ವಾ? ನನಗೆ ಅದು ಕಾಣಲಿಲ್ಲ, ಏಕೆಂದರೆ ಕಥೆ ನನ್ನನ್ನು ಮೊದಲಿನಿಂದ ವಾಲ್ಟರ್ ಪಕ್ಕದಲ್ಲೇ ಕೂರಿಸಿತ್ತು. ಅವನು ಸುಳ್ಳು ಹೇಳುವಾಗ ಸಿಕ್ಕಿಬೀಳದಿರಲಿ ಅಂತ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ.

ಇವತ್ತಿನ ಎಪಿಸೋಡ್ ಶುರುವಾಗುವುದೂ ಒಂದು ಸುಳ್ಳಿನಿಂದಲೇ. ಹಳೆಯ ದಿನ, ವಾಲ್ಟ್, ಅಂದರೆ ವಾಲ್ಟರ್, ಮತ್ತು ಅವನ ಜೊತೆಗಾರ ಜೆಸ್ಸಿಯ ಮೊಟ್ಟಮೊದಲ ಮಾದಕವಸ್ತುವಿನ ‘ಅಡುಗೆ’. ಮರುಭೂಮಿಯ ನಡುವೆ ವ್ಯಾನು. ವಾಲ್ಟ್ ಹೆಂಡತಿಗೆ ಹೇಳಬೇಕಾದ ಸುಳ್ಳನ್ನು ಒಬ್ಬನೇ ನಿಂತು ಬಾಯಿಪಾಠ ಮಾಡಿ, ಆಮೇಲೆ ಫೋನ್ ಮಾಡುತ್ತಾನೆ. ಈ ಕಡೆ ಸ್ಕೈಲರ್ ನಗುನಗುತ್ತಾ ಮಾತಾಡುತ್ತಾಳೆ, ಹುಟ್ಟಲಿರುವ ಮಗುವಿಗೆ ಹಾಲಿ ಅಂತ ಹೆಸರಿಡೋಣವಾ ಅನ್ನುತ್ತಾಳೆ. ಆ ಫೋನ್ ಎಲ್ಲಿದೆ ಗೊತ್ತಾ? ಚಾಕುಗಳನ್ನು ಸಿಕ್ಕಿಸಿಟ್ಟ ಮರದ ಸ್ಟ್ಯಾಂಡಿನ ಪಕ್ಕದಲ್ಲೇ. ಮೊದಲ ಸಲ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಇದೇ ಎಪಿಸೋಡಿನಲ್ಲಿ ಮುಂದೆ, ಸ್ಕೈಲರ್‌ಳ ತಂಗಿಯ ಗಂಡ ಹ್ಯಾಂಕ್ ಸತ್ತ ಅಂತ ಗೊತ್ತಾದ ಮೇಲೆ, ಅವಳ ಮುಂದೆ ಅದೇ ಎರಡು ಇರುತ್ತವೆ. ಫೋನು, ಚಾಕು. ಅವಳು ಚಾಕುವನ್ನು ಎಳೆದುಕೊಳ್ಳುತ್ತಾಳೆ. ನಾನು ಅಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ ಮೊದಲ ದೃಶ್ಯ ಮತ್ತೆ ನೋಡಿ ಬಂದೆ. ಕೈ ನಡುಗುತ್ತಿತ್ತು.

ಹ್ಯಾಂಕ್ ಸಾವಿನ ಬಗ್ಗೆ ಜಾಸ್ತಿ ಬರೆಯಲು ಆಗುವುದಿಲ್ಲ. ಗೊತ್ತಿದ್ದೂ ನೋಡಲಾಗಲಿಲ್ಲ. ಆದರೆ ಅದರ ಬೆನ್ನಿಗೇ ವಾಲ್ಟ್ ಜೆಸ್ಸಿಗೆ ಅವನ ಗೆಳತಿ ಜೇನ್ ವಿಷಯ ಹೇಳುತ್ತಾನಲ್ಲ, ಅವಳು ಸಾಯುವುದನ್ನು ನಿಂತು ನೋಡಿದೆ, ಉಳಿಸಬಹುದಿತ್ತು, ಉಳಿಸಲಿಲ್ಲ ಅಂತ, ಅಲ್ಲಿ ವಾಲ್ಟ್ ಮೇಲೆ ನನಗೆ ಉಳಿದಿದ್ದ ಕನಿಕರವೂ ಹೋಯಿತು. ಜೆಸ್ಸಿಯನ್ನು ಆಗಲೇ ಸಾವಿಗೆ ಒಪ್ಪಿಸಿ ಆಗಿತ್ತು. ಆ ಮಾತು ಹೇಳುವ ಅಗತ್ಯವೇ ಇರಲಿಲ್ಲ. ಸುಮ್ನೆ ನೋಯಿಸಲಿಕ್ಕೆಂದೇ ಹೇಳಿದ.

ಹೀಗೆ ಬರೆದ ಮೇಲೂ, ಆ ಕೊನೆಯ ಫೋನಿನ ದೃಶ್ಯಕ್ಕೆ ಬಂದಾಗ ಅವನಿಗಾಗಿ ಅತ್ತೆ. ಮಗುವನ್ನು ಎತ್ತಿಕೊಂಡು ಓಡಿಹೋಗಿದ್ದಾನೆ. ಸ್ಕೈಲರ್ ನಡುರಸ್ತೆಯಲ್ಲಿ ಕುಸಿದು ಕೂತಿದ್ದಾಳೆ. ಎಲ್ಲೋ ಒಂದು ಕಡೆ ಅವನು ಹಾಲಿಯ ಬಟ್ಟೆ ಬದಲಿಸುತ್ತಿದ್ದರೆ ಅದು “ಮಮ್ಮಾ, ಮಮ್ಮಾ” ಅನ್ನುತ್ತದೆ. ಅವನ ಮುಖ ಒಡೆದುಹೋಗುತ್ತದೆ. ಆಮೇಲೆ ಮನೆಗೆ ಫೋನ್ ಮಾಡುತ್ತಾನೆ. ಪೊಲೀಸರು ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಅವನಿಗೆ ಗೊತ್ತು. ಬಾಯಿಗೆ ಬಂದ ಹಾಗೆ ಅವಳನ್ನು ಬೈಯುತ್ತಾನೆ. ಇದೆಲ್ಲ ನಾನೊಬ್ಬನೇ ಮಾಡಿದ್ದು ಅನ್ನುತ್ತಾನೆ. ದನಿ ರಾಕ್ಷಸನದು, ಕಣ್ಣಲ್ಲಿ ಮಾತ್ರ ಧಾರಾಕಾರ ನೀರು. ತನ್ನ ಪಾಪದಲ್ಲಿ ಅವಳಿಗೆ ಪಾಲಿಲ್ಲ ಅಂತ ಪೊಲೀಸರು ನಂಬಲಿ ಅಂತ ಹೇಳುವ ಸುಳ್ಳು ಅದು. ಸ್ಕೈಲರ್‌ಗೆ ಅರ್ಥವಾಗುವ ಕ್ಷಣವೂ ಕಾಣಿಸುತ್ತದೆ. ಮುಖದ ಗಾಬರಿ ಮೆಲ್ಲಗೆ ಇಳಿದು, ಅವಳೂ ಆ ಆಟಕ್ಕೆ ಕೂಡಿಕೊಳ್ಳುತ್ತಾಳೆ.

ಇವತ್ತು ನನಗೆ ಚುಚ್ಚಿದ್ದು ಬೈಗುಳದ ಮಾತುಗಳು. ಯಾವಾಗಲೂ ಗೊಣಗುತ್ತೀಯ, ನಾನು ಮಾಡಿದ್ದಕ್ಕೆಲ್ಲ ಅಡ್ಡ ಬಂದೆ. ಇವೆಲ್ಲ ನಾನು ಮೊದಲ ಸಲ ಸ್ಕೈಲರ್‌ಗೆ ಅಂದ ಮಾತುಗಳೇ. ಒಂದೂ ಬಿಡದೆ. ಅವನು ಬೇಕೆಂದೇ ನಟಿಸಿ ಹೇಳಿದ್ದನ್ನು ನಾನು ನಿಜವಾಗಿ ನಂಬಿದ್ದೆ. ತುಂಬಾ ನಾಚಿಕೆಯಾಯಿತು. ನನ್ನ ಹಾಗೆ ಅಂದವರು ಬಹಳ ಜನ. ಈ ಎಪಿಸೋಡ್ ಪ್ರಸಾರವಾಗಿದ್ದು 2013ರ ಸೆಪ್ಟೆಂಬರ್ 15ರಂದು. ಅದಕ್ಕೆ ಮೂರು ವಾರ ಮುಂಚೆ, ಸ್ಕೈಲರ್ ಪಾತ್ರ ಮಾಡಿದ ಆನಾ ಗನ್ ಅವರೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆಯಬೇಕಾಯಿತು. ಪಾತ್ರದ ಮೇಲಿನ ದ್ವೇಷ ತಮ್ಮ ಮೇಲೂ ತಿರುಗಿದ್ದರ ಬಗ್ಗೆ. ಮುಂದಿನ ವರ್ಷ ಅವರಿಗೆ ಈ ಪಾತ್ರಕ್ಕೆ ಎರಡನೇ ಎಮ್ಮಿ ಟಿವಿ ಪ್ರಶಸ್ತಿ ಬಂತು. ಈ ಎಪಿಸೋಡ್ ಬರೆದ ಮೊಯ್ರಾ ವಾಲಿ-ಬೆಕೆಟ್ ಅವರಿಗೂ ಆಗಲೇ ಬಂತು. ಬಂದಿದ್ದು ನ್ಯಾಯವೇ.

ಇದಕ್ಕೆ ತದ್ವಿರುದ್ಧವಾಗಿ ಒಂದು ನೆನಪಾಗುತ್ತಿದೆ. ‘ಗೇಮ್ ಆಫ್ ಥ್ರೋನ್ಸ್’ ಸೀರೀಸ್‌ನ ಮೊದಲ ಎಪಿಸೋಡಿನಲ್ಲೇ ಜೇಮಿ ಅನ್ನುವ ಯೋಧ ಒಬ್ಬ ಹುಡುಗನನ್ನು ಕಿಟಕಿಯಿಂದ ತಳ್ಳುತ್ತಾನೆ. ಮೂರನೇ ಸೀಸನ್ನಿನಲ್ಲಿ, ಕೈ ಕಳೆದುಕೊಂಡ ಅವನು ಸ್ನಾನದ ತೊಟ್ಟಿಯಲ್ಲಿ ಕೂತು ಜೊತೆಗಿದ್ದ ಬ್ರಿಯೆನ್ ಅನ್ನುವವಳಿಗೆ ತನ್ನ ಕಥೆ ಹೇಳಿದಾಗ ನಾನು ಅವನ ಪಕ್ಷ. ಮಗುವನ್ನು ತಳ್ಳಿದವನನ್ನು ಅಷ್ಟು ಬೇಗ ಕ್ಷಮಿಸಿದೆ. ಗಂಡನನ್ನು ‘ಎಲ್ಲಿದ್ದೆ’ ಅಂತ ಕೇಳಿದವಳನ್ನು ಐದು ಸೀಸನ್ ಆದರೂ ಕ್ಷಮಿಸಲಿಲ್ಲ. ಜೇಮಿಗೆ ಒಂದು ಇಡೀ ದೃಶ್ಯ ಸಿಕ್ಕಿತು ತನ್ನ ಮಾತು ಹೇಳಿಕೊಳ್ಳಲು. ಸ್ಕೈಲರ್‌ಗೆ ಅಂಥದ್ದು ಸಿಗಲೇ ಇಲ್ಲವಲ್ಲ ಅಂದುಕೊಳ್ಳುತ್ತಾ ಅಕ್ಕನಿಗೆ ಮೆಸೇಜ್ ಹಾಕಿದೆ.

ಅವಳೂ ಮಲಗಿರಲಿಲ್ಲ. ಕೂಡಲೇ ಉತ್ತರ ಬಂತು. “ಸಿಕ್ಕಿದೆ ಕಣೇ. ಐದನೇ ಸೀಸನ್, ಈಜುಕೊಳದ ಸೀನು.”

ಹೌದು! ವಾಲ್ಟ್‌ನ 51ನೇ ಹುಟ್ಟುಹಬ್ಬ. ಅವನು ಕೂತು ಎಲ್ಲರೆದುರು ತನ್ನ ಕಾಯಿಲೆಯ ಕಥೆ ಹೇಳುತ್ತಿರುತ್ತಾನೆ. ಹಿಂದೆ ಸ್ಕೈಲರ್ ಉಟ್ಟ ಬಟ್ಟೆಯಲ್ಲೇ, ಒಂದು ಮಾತೂ ಆಡದೆ, ಮೆಟ್ಟಿಲಿಳಿದು ನೀರಿನೊಳಗೆ ನಡೆದುಹೋಗುತ್ತಾಳೆ. ಅವತ್ತು ನಾನು ಇದೇನು ನಾಟಕ ಅಂದಿದ್ದೆ. ಅಕ್ಕ ಪಕ್ಕದಲ್ಲೇ ಕೂತು ಅಳುತ್ತಿದ್ದಳು.

ಉಳಿದಿರುವುದು ಇನ್ನು ಎರಡೇ ಎಪಿಸೋಡು. ನಾಳೆ ಬರುತ್ತೇನೆ, ಒಟ್ಟಿಗೆ ನೋಡೋಣ ಅಂದಿದ್ದಾಳೆ. ಅದಕ್ಕೆ ಮುಂಚೆ ಈಜುಕೊಳದ ಎಪಿಸೋಡ್ ಇನ್ನೊಮ್ಮೆ ಹಾಕೋಣ ಅಂತ ನಾನೇ ಕೇಳಿದೆ.