ಬಿರುಕು ಮುಚ್ಚುವ ಮುಂಚೆ ಒಂದು ಪೆನ್ಸಿಲ್ ಗೆರೆ

"ಹೋದ ವರ್ಷ ತಾನೇ ಮುಚ್ಚಿಸಿದ್ವಿ, ಮತ್ತೆ ಅಲ್ಲೇ ಬಿಟ್ಟಿದೆ ನೋಡ್ರಿ." ಹುಬ್ಬಳ್ಳಿ ಕಡೆ ಮನೆ ರಿಪೇರಿ ಕೆಲಸ ಮಾಡುವ ನನಗೆ ಜಾಸ್ತಿ ಬರುವ ದೂರು ಇದೇ. ಹೋಗಿ ನೋಡಿದರೆ ಬಿರುಕಿನ ಮೇಲೆ ಸಿಮೆಂಟ್ ಹಾಲು ಸವರಿ, ಬಣ್ಣ ಹೊಡೆದು ಬಿಟ್ಟಿರುತ್ತಾರೆ. ಅದು ನಿಲ್ಲುವುದಿಲ್ಲ.

ಯಾವ ಬಿರುಕು ಕಂಡರೂ ನಾನು ಮೊದಲು ಕೇಳುವುದು ಒಂದೇ: ಇದು ಇನ್ನೂ ಬೆಳೆಯುತ್ತಿದೆಯೋ, ನಿಂತಿದೆಯೋ? ತಿಳಿಯಲು ದೊಡ್ಡ ಸಾಮಾನು ಏನೂ ಬೇಡ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆಯಿರಿ. ನಡುವೆ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ಕಡೆ ಗಟ್ಟಿಯಾಗಿ ಅಂಟಿಸಿ. ಗಾಜು ಒಡೆದರೆ, ಬಿರುಕು ಗೆರೆ ದಾಟಿದರೆ, ಅದು ಇನ್ನೂ ಅಲುಗಾಡುತ್ತಿದೆ ಅಂತ ಅರ್ಥ. "ಹಬ್ಬಕ್ಕೆ ಬಣ್ಣ ಆಗ್ಬೇಕು, ಇವತ್ತೇ ತುಂಬಿಬಿಡಿ" ಅನ್ನುವವರಿಗೂ ನಾನು ಇದನ್ನೇ ಹೇಳುತ್ತೇನೆ. ಸುಮ್ನೆ ದುಡ್ಡು ಹೋಗೋದು ಅವರದ್ದೇ ಅಲ್ವಾ?

ನಮ್ಮ ಎರೆ ನೆಲದಲ್ಲಿ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಪಾಯ ಆಳ ಇಲ್ಲದ ಪಾಗಾರ, ಮೆಟ್ಟಿಲು, ಅಂಗಳದ ಕಾಂಕ್ರೀಟು ಅದರ ಜೊತೆಗೇ ಏರಿ ಇಳಿಯುತ್ತವೆ. ಇಲ್ಲಿ ಬಿರುಕಿಗಿಂತ ಮುಂಚೆ ನೀರಿನ ದಾರಿ ನೋಡಬೇಕು. ಮಾಳಿಗೆ ಪೈಪಿನ ನೀರು ಗೋಡೆ ಬುಡಕ್ಕೇ ಬೀಳುತ್ತಿದೆಯಾ? ಬಚ್ಚಲ ನೀರು ಅಲ್ಲೇ ಇಂಗುತ್ತಿದೆಯಾ? ಅಂಗಳದ ಇಳಿಜಾರು ಮನೆ ಕಡೆಗಿದೆಯಾ? ಅದನ್ನು ಸರಿ ಮಾಡದೆ ಏನು ತುಂಬಿದರೂ ಮುಂದಿನ ಬೇಸಿಗೆಗೆ ಬಿಟ್ಟುಕೊಳ್ಳುತ್ತದೆ.

ಮಾಳಿಗೆ ಮೇಲಿನ ಅಲುಗಾಟ ಬಿಸಿಲಿನದ್ದು. ಹತ್ತು ಮೀಟರ್ ಉದ್ದದ ಕಾಂಕ್ರೀಟು 30 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿಲಿಮೀಟರ್ ಹಿಗ್ಗಬಹುದು. ಅಂಥ ಜಾಗಕ್ಕೆ ಗಟ್ಟಿ ಸಿಮೆಂಟ್ ತುಂಬಿದರೆ ಅದರ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಕೊರೆದು ಅಗಲ ಮಾಡಿ, ಧೂಳು ತೆಗೆದು, ಪೂರ್ತಿ ಒಣಗಿದ ಮೇಲೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಯುರೆಥೇನ್ ಸೀಲೆಂಟ್ (ಸಂದು ಮುಚ್ಚುವ ಅಂಟು) ತುಂಬಬೇಕು. ಮಳೆ ಮುಗಿದು ಬಿಸಿಲು ಹದವಾಗಿರುವ ನವೆಂಬರ್, ಡಿಸೆಂಬರ್ ಇದಕ್ಕೆ ಒಳ್ಳೆ ಕಾಲ.

ಅಲುಗಾಡದ ಸಣ್ಣ ಬಿರುಕಿಗೆ ಪಾಲಿಮರ್ ಗಾರೆ, ಅಂದರೆ ಲೇಟೆಕ್ಸ್‌ನಂಥ ಅಂಟು ದ್ರವ ಬೆರೆಸಿದ ಸಿಮೆಂಟ್ ಗಾರೆ, ಸಾಕು. ಹಳೇ ಕಾಂಕ್ರೀಟನ್ನು ಚೆನ್ನಾಗಿ ನೆನೆಸಿ, ಮೇಲೆ ನಿಂತ ನೀರು ಒರೆಸಿ, ಲೇಟೆಕ್ಸ್ ಬೆರೆಸಿದ ಸಿಮೆಂಟ್ ಬಳಿದು, ಅದು ಅಂಟಂಟಾಗಿರುವಾಗಲೇ ಗಾರೆ ಒತ್ತಬೇಕು. ಒಣಗಿದ ಮೇಲೆ ಒತ್ತಿದರೆ ಹಿಡಿಯುವುದಿಲ್ಲ.

ನನಗೆ ಭಯ ಹುಟ್ಟಿಸುವುದು ಛಾವಣಿ ಅಡಿಯಲ್ಲಿ ಸರಳಿನ ಗುಂಟ ನೇರಕ್ಕೆ ಓಡುವ ಬಿರುಕು. ಅಂಚಿನಲ್ಲಿ ಕಂದು ಕಲೆ ಇರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಒಳಗೆ ಕಬ್ಬಿಣ ತುಕ್ಕು ಹಿಡಿದಿದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಬೇಕು, ಅದು ಒಳಗಿಂದ ಕಾಂಕ್ರೀಟನ್ನು ತಳ್ಳುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಸರಳಿನ ಮೇಲೆ ತೀರಾ ಸೌಮ್ಯ ವಾತಾವರಣದಲ್ಲೂ ಸಾಮಾನ್ಯವಾಗಿ 20 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು. ಹಳೇ ಮನೆಗಳಲ್ಲಿ ಅನೇಕ ಕಡೆ ಗಿಲಾವು ಕೆತ್ತಿದ ಕೂಡಲೇ ಕಬ್ಬಿಣ ಕಾಣುತ್ತದೆ. ಸಡಿಲ ಕಾಂಕ್ರೀಟನ್ನೆಲ್ಲ ಸರಳಿನ ಹಿಂಬದಿವರೆಗೆ ಕೆತ್ತಿ, ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ತುಕ್ಕು ತಡೆಯುವ ಜಿಂಕ್ ಪ್ರೈಮರ್ ಬಳಿದು, ಆಮೇಲಷ್ಟೇ ತುಂಬಬೇಕು. ತುಕ್ಕು ಸರಳನ್ನೇ ತಿಂದು ಸಣ್ಣ ಮಾಡಿದ್ದರೆ ಎಂಜಿನಿಯರ್ ನೋಡದೆ ಮುಂದುವರಿಯಬಾರದು.

ಬೀಮಿನಲ್ಲಿ ಓರೆ ಬಿರುಕು ಇದ್ದರೆ ನಾನು ಕರಣೆ ಹೊರಗೇ ತೆಗೆಯುವುದಿಲ್ಲ. ಮೊದಲು ಕೆಳಗೆ ಜಾಕಿ ಕೊಟ್ಟು ಆಧಾರ ಮಾಡುತ್ತೇವೆ, ಆ ಕೋಣೆ ಖಾಲಿ ಮಾಡಿಸುತ್ತೇವೆ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಬರೆದುಕೊಟ್ಟ ಮೇಲೆ ಮುಂದಿನ ಕೆಲಸ.