ಹಿಸ್ಟರಿ ಓದಿ ಡಾಕ್ಟ್ರಾಗ್ತಾಳಂತೆ!

ನಮ್ಮಕ್ಕನ ಮಗಳು ಅಮೆರಿಕದ ಒಹಾಯೊದಲ್ಲಿ ಕಾಲೇಜು ಓದ್ತಿದಾಳೆ, ಅಲ್ಲೇ ಹುಟ್ಟಿದೋಳು, ಡಾಕ್ಟ್ರೇ ಆಗ್ಬೇಕು ಅಂತ ಹಠ. ಯಾವ ಮೇಜರ್, ಅಂದ್ರೆ ಡಿಗ್ರಿಲಿ ಮುಖ್ಯ ವಿಷಯ, ತಗೋಬೇಕು ಅನ್ನೋದ್ರಲ್ಲಿ ಅವಳಿಗೂ ಅವಳಪ್ಪಂಗೂ ಎತ್ತು ಏರಿಗೆ ಕೋಣ ನೀರಿಗೆ. ಭಾವಂಗೆ ಬಯೋಮೆಡಿಕಲ್ ಎಂಜಿನಿಯರಿಂಗೇ ಆಗ್ಬೇಕು, ಅವಳು ಬಯಾಲಜಿ ಅಂತಾಳೆ, ಮತ್ತೊಂದಿನ ಮೆದುಳು-ನರಗಳ ಬಗ್ಗೆ ಓದೋ ನ್ಯೂರೋಸೈನ್ಸ್ ಅಂತಾಳೆ, ಮಧ್ಯೆ ಒಂದ್ಸಲ "ಹಿಸ್ಟರಿನೂ ತಗೋಬಹುದು ಮಾವ, ಮೆಡಿಕಲ್ ಸ್ಕೂಲ್ನೋರು ಬೇಡ ಅನ್ನಲ್ಲ" ಅಂದ್ಳು. ಅದು ಸಾಗರದ ನಮ್ ದೊಡ್ಡಮ್ಮನ ಕಿವಿಗೆ ಬಿದ್ದು, ಈಗ ಯಾರ ಮನೆ ಗೃಹಪ್ರವೇಶಕ್ಕೆ ಹೋದ್ರೂ ಅದೇ ಸುದ್ದಿ, "ಅಲ್ದಾ, ಅಶೋಕ ಮರ ನೆಡ್ಸಿದ್ದು ಓದಿ ಅದೆಂತ ಆಪರೇಷನ್ ಮಾಡ್ತಾಳೋ" ಅಂತ.

ನಾನು ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳೋನು. ಅದಕ್ಕೇ ಅಪ್ಪ ಮಗಳು ಇಬ್ರೂ ಪಂಚಾಯ್ತಿಗೆ ನನ್ನ ಹತ್ರ ಬರ್ತಾರೆ.

ನಮ್ಮಲ್ಲಿ ಈ ಪ್ರಶ್ನೆನೇ ಹುಟ್ಟಲ್ಲ ನೋಡಿ. ಸೈನ್ಸ್ ತಗೊಂಡ್ಯಾ, ಬಯಾಲಜಿ ಇದ್ಯಾ, ನೀಟ್ ಬರಿ, 180 ಪ್ರಶ್ನೆ 720 ಮಾರ್ಕು, ಅದ್ರಲ್ಲಿ ಅರ್ಧ ಬಯಾಲಜಿ, ರ‍್ಯಾಂಕ್ ಬಂದ್ರೆ ಕೆಇಎ ಕೌನ್ಸೆಲಿಂಗು, ಬರ್ಲಿಲ್ಲ ಅಂದ್ರೆ ಲಾಂಗ್ ಟರ್ಮ್ ಕೋಚಿಂಗು ಇಲ್ಲಾ ಆಯುರ್ವೇದ, ವೆಟರ್ನರಿ, ಅಗ್ರಿ. ಹದಿನೆಂಟಕ್ಕೆ ತೀರ್ಮಾನ ಆಗೋಗತ್ತೆ. ಅಮೆರಿಕದಲ್ಲಿ ಮೊದ್ಲು ನಾಲ್ಕು ವರ್ಷದ ಡಿಗ್ರಿ, ಜೊತೆಗೆ ಎಂಕ್ಯಾಟ್ ಅನ್ನೋ ಪರೀಕ್ಷೆ, ಅದಾದ್ಮೇಲೆ ಮೆಡಿಕಲ್ ಸ್ಕೂಲಿಗೆ ಅರ್ಜಿ, ಅಲ್ಲಿ ಮತ್ತೆ ನಾಲ್ಕು ವರ್ಷ. ಪ್ರೀ-ಮೆಡ್ ಅಂತಾರಲ್ಲ, ಹೆಚ್ಚಿನ ಕಡೆ ಅದೊಂದು ಡಿಗ್ರಿನೇ ಅಲ್ಲ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಅವುಗಳ ಲ್ಯಾಬು, ಬಯೋಕೆಮಿಸ್ಟ್ರಿ, ಒಂದಿಷ್ಟು ಇಂಗ್ಲಿಷು, ಗಣಿತ, ಇಷ್ಟು ಮುಗ್ಸಿರ್ಬೇಕು ಅನ್ನೋ ಪಟ್ಟಿ ಅಷ್ಟೆ. ಮೇಜರ್ ಏನಾದ್ರೂ ಇರ್ಲಿ, ಈ ಪಟ್ಟಿ ಸಾಮಾನ್ಯವಾಗಿ ಯಾರಿಗೂ ತಪ್ಪಿದ್ದಲ್ಲ. ಹಿಸ್ಟರಿ ಹುಡುಗಿನೂ ಆರ್ಗ್ಯಾನಿಕ್ ಲ್ಯಾಬಲ್ಲಿ ನಿಂತು ಕೈ ಸುಟ್ಕೋಬೇಕು. ದೊಡ್ಡಮ್ಮಂಗೆ ಇದನ್ನ ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ, ಬಿಡಿ.

ಹಂಗಾಗಿ ಯಾವ ಮೇಜರ್ ಕಷ್ಟ ಅಂದ್ರೆ ನಾನು ನೋಡೋದು ಈ ಪಟ್ಟಿ ಮೇಲೆ ಇನ್ನೆಷ್ಟು ಹೊರೆ ಬೀಳತ್ತೆ, ಮತ್ತೆ ಆ ಹೊರೆ ಎಂಥದು ಅಂತ.

ಬಯಾಲಜಿ ತಗೊಂಡ್ರೆ ಪಟ್ಟಿಯ ಮುಕ್ಕಾಲು ಭಾಗ ಮೇಜರ್ ಒಳಗೇ ಮುಗಿಯತ್ತೆ, ಅದಕ್ಕೇ ಅರ್ಜಿ ಹಾಕೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಯಾಲಜಿ ಕಡೆಯೋರೇ. ನೆನಪಿಟ್ಕೊಳ್ಳೋದು ಜಾಸ್ತಿ, ಬುದ್ಧಿ ತಿರುಚೋದು ಕಮ್ಮಿ. ತೊಂದ್ರೆ ಏನಪ್ಪಾ ಅಂದ್ರೆ ಪಕ್ಕದ ಬೆಂಚಲ್ಲಿ ಕೂತಿರೋರೆಲ್ಲ ಡಾಕ್ಟ್ರಾಗ್ಬೇಕು ಅನ್ನೋರೇ, ಕ್ಲಾಸಿನ ಸರಾಸರಿ ನೋಡಿ ಗ್ರೇಡ್ ಕೊಡೋ ಕಡೆ ಅದು ಕುತ್ತಿಗೆಗೆ ಬರತ್ತೆ. ಕೆಮಿಸ್ಟ್ರಿ ಮೇಜರಲ್ಲಿ ಫಿಸಿಕಲ್ ಕೆಮಿಸ್ಟ್ರಿ ಒಂದಿದೆ, ಕ್ಯಾಲ್ಕುಲಸ್ ಗಟ್ಟಿ ಇಲ್ದಿದ್ರೆ ಅಲ್ಲಿ ಮಕಾಡೆ. ನ್ಯೂರೋಸೈನ್ಸಿಗೆ ಒಂದು ಅನುಕೂಲ ಇದೆ, 2015ರಲ್ಲಿ ಎಂಕ್ಯಾಟ್ ಬದಲಾದಾಗಿಂದ ಸೈಕಾಲಜಿ-ಸೋಶಿಯಾಲಜಿಗೆ ಅಂತ್ಲೇ ಒಂದು ಪೂರಾ ಸೆಕ್ಷನ್ ಇದೆ, ಓದಿದ್ದು ಎರಡು ಕಡೆ ಉಪಯೋಗಕ್ಕೆ ಬರತ್ತೆ. ನರ್ಸಿಂಗ್ ಮಾಡ್ಕೊಂಡೇ ಮೆಡಿಕಲ್‌ಗೆ ಹೋಗೋಣ ಅನ್ನೋರು ಹುಷಾರು, ಅಲ್ಲಿಯ ಕೆಮಿಸ್ಟ್ರಿ ಪೇಪರನ್ನ ಎಷ್ಟೋ ಮೆಡಿಕಲ್ ಸ್ಕೂಲು ಲೆಕ್ಕಕ್ಕೆ ತಗೊಳಲ್ಲ, ಆಸ್ಪತ್ರೆ ಡ್ಯೂಟಿ ಟೈಮಿಗೆ ಸರಿಯಾಗಿ ಫಿಸಿಕ್ಸ್ ಲ್ಯಾಬೂ ಬಿದ್ದಿರತ್ತೆ.

ಇನ್ನು ಭಾವನ ಬಯೋಮೆಡಿಕಲ್ ಎಂಜಿನಿಯರಿಂಗು. ನಂಗೆ ಕೇಳಿದ್ರೆ ಡಾಕ್ಟ್ರಾಗೋರಿಗೆ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ಥರ್ಮೋಡೈನಾಮಿಕ್ಸ್, ಸರ್ಕ್ಯೂಟ್ಸ್, ಫ್ಲೂಯಿಡ್ಸ್, ಡಿಫರೆನ್ಷಿಯಲ್ ಈಕ್ವೇಷನ್ಸು, ಇಷ್ಟೆಲ್ಲಾ ಮಾಡಿ ಅದ್ರ ಮೇಲೆ ಎರಡನೇ ಸೆಮಿಸ್ಟರಿನ ಆರ್ಗ್ಯಾನಿಕ್ಕೂ ಬಯಾಲಜಿ ಲ್ಯಾಬೂ ತುರುಕ್ಬೇಕು. ಆಸ್ಪತ್ರೆಲಿ ವಾಲಂಟಿಯರ್ ಕೆಲಸ, ಡಾಕ್ಟ್ರ ಹಿಂದೆ ಓಡಾಡಿ ನೋಡೋದು, ರಿಸರ್ಚು, ಇವೂ ಅರ್ಜಿಲಿ ತೋರಿಸ್ಬೇಕಲ್ಲ, ಅದಕ್ಕೆ ದಿನದಲ್ಲಿ ಜಾಗ ಎಲ್ಲಿ? ಇಷ್ಟು ಒದ್ದಾಡಿದ್ದಕ್ಕೆ ಸ್ವಲ್ಪನಾದ್ರೂ ರಿಯಾಯ್ತಿ ಸಿಗತ್ತಾ ಅಂದ್ರೆ ಲೆಕ್ಕದಲ್ಲಿ ಇಲ್ಲ. 4ಕ್ಕೆ ಎಷ್ಟು ಅಂತ ಜಿಪಿಎ, ಅಂದ್ರೆ ಗ್ರೇಡುಗಳ ಸರಾಸರಿ, ಹಾಕ್ತಾರೆ, ಎ ಅಂದ್ರೆ 4, ಬಿ ಅಂದ್ರೆ 3, ಅದು ಥರ್ಮೋದ ಬಿ ಆದ್ರೂ ಸಂಗೀತದ ಬಿ ಆದ್ರೂ 3. ಇದ್ರ ಜೊತೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್ ಇಷ್ಟಕ್ಕೇ ಬೇರೆ ಸೈನ್ಸ್ ಜಿಪಿಎ ತೆಗೀತಾರೆ, ಎಂಜಿನಿಯರಿಂಗ್ ಪೇಪರುಗಳು ಸಾಮಾನ್ಯವಾಗಿ ಅದ್ರೊಳಗೂ ಬರಲ್ಲ. ಒಳಗೆ ಸೇರಿದೋರ ಸರಾಸರಿ ಜಿಪಿಎ 3.7ರ ಮೇಲಿರತ್ತೆ, ಅಂದ್ರೆ ನಾಲ್ಕಾರು ಬಿ ಬಿದ್ರೇ ಎದೆ ಡವಡವ ಅನ್ನೋ ಜಾಗ ಅದು. ಇನ್ನೊಂದು, ನಮ್ಮ ಪಿಯು ಬೋರ್ಡಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಮಾಡಿ ಒಳ್ಳೇ ಮಾರ್ಕು ಇಟ್ಕೊ ಅಂತಾರಲ್ಲ, ಅಲ್ಲಿ ಒಂದೇ ಕೋರ್ಸು ಎರಡು ಸಲ ಬರೆದ್ರೆ ಅರ್ಜಿಲಿ ಎರಡು ಗ್ರೇಡೂ ಕೂತಿರತ್ತೆ, ಹಳೇದು ಅಳಿಸೋಗಲ್ಲ.

ಭಾವ ಹೇಳೋದ್ರಲ್ಲೂ ಹುರುಳಿದೆ ಅನ್ನಿ, ಮೆಡಿಕಲ್ ಸಿಗ್ಲಿಲ್ಲ ಅಂದ್ರೆ ಎಂಜಿನಿಯರ್ ಆದ್ರೂ ಆಗ್ತಾಳೆ, ಬರೀ ಬಯಾಲಜಿ ಡಿಗ್ರಿ ಇಟ್ಕೊಂಡು ಎಂತ ಮಾಡ್ತಾಳೆ ಅಂತ. ಅರ್ಜಿ ಹಾಕಿದೋರಲ್ಲಿ ಒಂದು ವರ್ಷಕ್ಕೆ ನೂರಕ್ಕೆ ನಲವತ್ತು ಚಿಲ್ಲರೆ ಜನಕ್ಕೇ ಸೀಟು, ಅಪ್ಪ ಆದೋನಿಗೆ ಆ ಯೋಚನೆ ಬರ್ದೇ ಇರತ್ತಾ.

ಆರ್ಗ್ಯಾನಿಕ್ ಬಗ್ಗೆ ಒಂಚೂರು ಹೇಳ್ಬೇಕು, ಯಾಕಂದ್ರೆ ಅಲ್ಲಿ ಪ್ರೀ-ಮೆಡ್ ಮಕ್ಕಳು ಉದುರೋದೇ ಇಲ್ಲಿ. ಒಂದಿನ ಅವಳು ಮಿಡ್‌ಟರ್ಮಿನ ಪ್ರಶ್ನೆ ಕಳಿಸಿದ್ಳು. ಆರು ಕಾರ್ಬನ್ನಿನ ಉಂಗುರ, ಒಂದು ತುದೀಲಿ ಬ್ರೋಮಿನ್, ಎದುರು ತುದೀಲಿ ಟರ್ಶರಿ ಬ್ಯೂಟೈಲ್ ಗುಂಪು, ಸಿಸ್ ಒಂದು ಟ್ರಾನ್ಸ್ ಒಂದು (ಎರಡೂ ಉಂಗುರದ ಒಂದೇ ಮಗ್ಗುಲಿಗಿದ್ರೆ ಸಿಸ್, ಬೇರೆ ಬೇರೆ ಮಗ್ಗುಲಿಗಿದ್ರೆ ಟ್ರಾನ್ಸ್), ಪ್ರಬಲ ಬೇಸ್ ಹಾಕಿದ್ರೆ ಯಾವ್ದು ಬೇಗ ರಿಯಾಕ್ಟ್ ಆಗತ್ತೆ, ಯಾಕೆ, ಚಿತ್ರ ಬರೆದು ತೋರಿಸು. ನಾಲ್ಕು ಆಪ್ಷನ್ ಇಲ್ಲ, ಖಾಲಿ ಹಾಳೆ. ಅವಳು ಉಂಗುರವನ್ನ ಚಪ್ಪಟೆಯಾಗೇ ಬರೆದು ಕೂತಿದ್ಳು. ಕುರ್ಚಿ ಆಕಾರದಲ್ಲಿ ಬರಿ, ಬ್ಯೂಟೈಲ್ ದಪ್ಪ ಆಸಾಮಿ, ಅದನ್ನ ಪಕ್ಕಕ್ಕೆ ಚಾಚಿ ಕೂರಿಸು, ಈಗ ಬ್ರೋಮಿನ್ ಎಲ್ಲಿ ಬಂತು ನೋಡು ಅಂದೆ. ಸಿಸ್‌ನಲ್ಲಿ ಅದು ನೆಟ್ಟಗೆ ನಿಂತಿರತ್ತೆ, ಪಕ್ಕದ ಕಾರ್ಬನ್ನಿನ ಹೈಡ್ರೋಜನ್ ಸರಿಯಾಗಿ ಉಲ್ಟಾ ದಿಕ್ಕಲ್ಲಿ, ಎರಡೂ ಒಟ್ಟಿಗೆ ಕಳಚ್ಕೊಂಡು ಹೋಗ್ಬಹುದು. ಟ್ರಾನ್ಸಲ್ಲಿ ಬ್ರೋಮಿನ್ನೂ ಪಕ್ಕಕ್ಕೆ ಮಲಗಿರತ್ತೆ, ಆ ಸಾಲು ಕೂಡಲ್ಲ, ನಿಧಾನ. ಸ್ವಲ್ಪ ಹೊತ್ತು ಸುಮ್ನಿದ್ದು "ಓ ಇದು ಬಾಯಿಪಾಠಕ್ಕೆ ಬರಲ್ಲ ಅಲ್ವಾ ಮಾವ" ಅಂದ್ಳು. ನಮ್ಮ ಮಕ್ಕಳಿಗೆ ಇದೇ ತತ್ವ ಕೇಳಿದ್ರೆ ಸಿಸ್ ಅಂತ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹಾರ್ತಾರೆ, ಒಂದು ಪ್ರಶ್ನೆಗೆ ಒಂದು ನಿಮಿಷ ಲೆಕ್ಕ ಅವ್ರಿಗೆ, ಅವ್ರದ್ದೂ ತಪ್ಪಲ್ಲ.

ಹಿಸ್ಟರಿ, ಇಂಗ್ಲಿಷು, ಫಿಲಾಸಫಿ ಸುಲಭ ಅಂತ ಯಾರು ಹೇಳಿದ್ರೋ. ವಾರ ವಾರ ರಾಶಿ ಓದು, ಪುಟಗಟ್ಲೆ ಪ್ರಬಂಧ, ಅದೂ ಸಾಲ್ದು ಅಂತ ಸೈನ್ಸ್ ಪಟ್ಟಿ ಪೂರ್ತಿ ಹೊರಗಿಂದ. ಆದ್ರೆ ಎಂಕ್ಯಾಟಲ್ಲಿ ಸಿಲಬಸ್ಸೇ ಇಲ್ಲದ ಒಂದು ಸೆಕ್ಷನ್ ಇದೆ, ಕಲೆ, ಇತಿಹಾಸ, ತತ್ವಶಾಸ್ತ್ರದ ಮೇಲಿನ ಬರಹ ಕೊಟ್ಟು ಬರೆದೋನು ಏನು ಹೇಳ್ತಿದಾನೆ ಅಂತ ಕೇಳ್ತಾರೆ, ಸೈನ್ಸ್ ಮಕ್ಕಳು ಎಡವೋದು ಅಲ್ಲೇ. ಅಮೆರಿಕದ ಮೆಡಿಕಲ್ ಕಾಲೇಜುಗಳ ಒಕ್ಕೂಟ ಪ್ರತಿ ವರ್ಷ ಮೇಜರ್ ಪ್ರಕಾರ ಪಟ್ಟಿ ಹೊರಡಿಸತ್ತೆ, ಅದ್ರಲ್ಲಿ ಹ್ಯುಮ್ಯಾನಿಟೀಸ್‌ನೋರು ಬಯಾಲಜಿಯೋರಿಗಿಂತ ಹಿಂದೆ ಬಿದ್ದಿಲ್ಲ, ಎಷ್ಟೋ ಸಲ ಒಂದು ಕೈ ಮುಂದೇನೇ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಅಂತೂ 1987ರಲ್ಲೇ ಹ್ಯುಮ್ಯಾನಿಟೀಸ್ ಮಕ್ಕಳಿಗೆ ಅಂತ ಬೇರೆ ದಾರಿ ತೆಗೆದು, ಆರ್ಗ್ಯಾನಿಕ್ಕೂ ಬೇಡ ಎಂಕ್ಯಾಟೂ ಬೇಡ ಅಂದಿತ್ತು. ಹಾಗಂತ ಹಿಸ್ಟರಿ ತಗೊಂಡ ಕೂಡ್ಲೇ ಸೀಟು ಅಂತಲ್ಲ. ಸೈನ್ಸೂ ಇದೂ ಎರಡೂ ನಿಭಾಯಿಸೋ ತಾಕತ್ತಿರೋ ಕೆಲವ್ರೇ ಆ ಕಡೆಯಿಂದ ಅರ್ಜಿ ಹಾಕೋದು, ಪಟ್ಟಿಲಿ ಕಾಣೋದು ಅವ್ರು ಮಾತ್ರ.

ಕೊನೆಗೆ ಹುಡುಗಿ ನ್ಯೂರೋಸೈನ್ಸ್ ಮೇಜರ್, ಹಿಸ್ಟರಿ ಮೈನರ್, ಅಂದ್ರೆ ಜೊತೆಗೊಂದು ಉಪವಿಷಯ, ಅಂತ ಬರ್ಕೊಟ್ಟು ಬಂದ್ಳು. ನಂಗೂ ಅದೇ ಸರಿ ಅನ್ಸತ್ತೆ, ಯಾರೂ ಬೆನ್ನು ಬೀಳ್ದೇನೇ ರಾತ್ರಿ ಕೂತು ಓದ್ತಿದ್ದಿದ್ದು ಅವೆರಡನ್ನೇ. ಭಾವ ಇನ್ನೂ ಸರಿಯಾಗಿ ಮಾತಾಡ್ತಿಲ್ಲ.

ಆದ್ರೆ ಈ ಕತೆ ಕೇಳಿ ನಮ್ಮ ಸ್ಟೂಡೆಂಟ್ಸಲ್ಲಿ ಒಬ್ಬಿಬ್ರು "ಸರ್, ನೀಟ್ ತಾಪತ್ರಯನೇ ಬೇಡ, ನಾವೂ ಅಲ್ಲಿಗೇ ಹೋಗಿ ಪ್ರೀ-ಮೆಡ್ ಮಾಡ್ತೀವಿ" ಅಂತ ಶುರು ಹಚ್ಕೊಂಡಿದಾರೆ, ಅವ್ರಿಗೆ ಬೇರೆ ಲೆಕ್ಕ. ಅವಳು ಅಲ್ಲಿಯ ಪ್ರಜೆ. ಇಲ್ಲಿಂದ ಸ್ಟೂಡೆಂಟ್ ವೀಸಾದಲ್ಲಿ ಹೋದೋರನ್ನ ಹೆಚ್ಚಿನ ಮೆಡಿಕಲ್ ಸ್ಕೂಲುಗಳು ತಗೊಳೋದೇ ಇಲ್ಲ, ತಗೊಳೋ ಕೆಲವು ಕಡೆ ನಾಲ್ಕು ವರ್ಷದ ಫೀಸಿನ ದುಡ್ಡು ಮೊದ್ಲೇ ಕಟ್ಟಿಡಿ ಅಂತಾರೆ. ಸೀಟ್ ಸಿಗ್ದೆ ಕೆಲಸ ಹುಡುಕೋಣ ಅಂದ್ರೆ ಡಿಗ್ರಿ ಆದ್ಮೇಲೆ ಒಂದು ವರ್ಷ ಕೆಲಸಕ್ಕೆ ಬಿಡ್ತಾರೆ, ಸೈನ್ಸ್-ಎಂಜಿನಿಯರಿಂಗ್ ಆದ್ರೆ ಇನ್ನೆರಡು ವರ್ಷ, ಹಿಸ್ಟರಿಗೆ ಆ ಎರಡು ಇಲ್ಲ. ಅಪ್ಪನ ಅಡಿಕೆ ತೋಟದ ಮೇಲೆ ಸಾಲ ಎತ್ತೋ ಮುಂಚೆ, ಯಾವ್ದೇ ಮೆಡಿಕಲ್ ಸ್ಕೂಲಿನ ವೆಬ್‌ಸೈಟ್ ತೆಗೆದು ಬೇರೆ ದೇಶದೋರಿಗೆ ಸೀಟು ಇದ್ಯಾ ಅನ್ನೋ ಸಾಲು ಮೊದ್ಲು ಓದ್ಕೊಂಡು ಬನ್ನಿ, ಮೇಜರ್ ಯಾವ್ದು ಅಂತ ಆಮೇಲೆ ಮಾತಾಡಣ.