ಯೊಸೆಮಿಟಿಯ ಕಾಡಿಗೆ ಯಾವ ಬಾಗಿಲಿನಿಂದ ಹೋಗಬೇಕು

ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಡೇರೆ, ಅಡುಗೆ ಸಾಮಾನು ಬೆನ್ನಿಗೇರಿಸಿಕೊಂಡು ಹೋಗಿ ರಾತ್ರಿ ಕಾಡಿನಲ್ಲೇ ತಂಗಬೇಕೆಂದರೆ, ಅದು ವರ್ಷದ ಯಾವ ದಿನವೇ ಆಗಿರಲಿ, ವೈಲ್ಡರ್ನೆಸ್ ಪರ್ಮಿಟ್ ಬೇಕೇ ಬೇಕು. ಬೇಸಿಗೆಯ ದಿನಗಳಿಗೆ ಅದು ಸಿಗುವುದೇ ಇಲ್ಲ ಎಂಬ ಮಾತು ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಕನ್ನಡದವರ ನಡುವೆ ಗಟ್ಟಿಯಾಗಿ ಬೇರೂರಿದೆ. ಪ್ರತಿ ವರ್ಷ ಯಾರಾದರೊಬ್ಬರು ಫೋನ್ ಮಾಡಿ, "ಅಕ್ಕಾ, ನಿಮಗೆ ಮಾತ್ರ ಹೇಗೆ ಸಿಗುತ್ತದೆ?" ಎಂದು ಕೇಳುತ್ತಾರೆ. ಫೋನಿನಲ್ಲಿ ಚೂರು ಚೂರಾಗಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು ಒಂದೇ. ಯೊಸೆಮಿಟಿಯಲ್ಲಿ ಲೆಕ್ಕ ಇಡುವುದು ನೀವು ತಲುಪುವ ಸರೋವರವನ್ನಲ್ಲ, ನೀವು ಒಳಗೆ ಹೋಗುವ ಬಾಗಿಲನ್ನು. ಒಂದೊಂದು ಟ್ರೇಲ್‌ಹೆಡ್‌ನಿಂದ, ಅಂದರೆ ಕಾಲುದಾರಿ ಶುರುವಾಗುವ ಜಾಗದಿಂದ, ಒಂದು ದಿನಕ್ಕೆ ಇಷ್ಟು ಜನ ಒಳಗೆ ಹೋಗಬಹುದು ಎಂಬ ಕೋಟಾ ಇದೆ. ಒಳಗೆ ಹೋದ ಮೇಲೆ ಎರಡನೆಯ ರಾತ್ರಿ ಎಲ್ಲಿ, ಮೂರನೆಯ ರಾತ್ರಿ ಎಲ್ಲಿ ಎಂಬುದು ಬಹುಪಾಲು ನಿಮಗೆ ಬಿಟ್ಟದ್ದು. ಮೊಂಟಾನಾದ ಗ್ಲೇಸಿಯರ್ ಉದ್ಯಾನದಂಥ ಕಡೆಗಳಲ್ಲಿ ಪ್ರತಿ ರಾತ್ರಿಯ ತಂಗುದಾಣವನ್ನೂ ಮುಂಚೆಯೇ ಗೊತ್ತು ಮಾಡಿಕೊಳ್ಳಬೇಕು. ಕಾಲು ನೋವಾದರೂ, ಮಳೆ ಬಂದರೂ ಆ ದಿನ ಅಲ್ಲಿಗೇ ತಲುಪಬೇಕು. ಯೊಸೆಮಿಟಿಯವರು 1970ರ ದಶಕದಿಂದ ಹಿಡಿದುಕೊಂಡು ಬಂದಿರುವ ಈ ಬಾಗಿಲಿನ ಲೆಕ್ಕ ನನಗೆ ಬಹಳ ಇಷ್ಟ. ಕಾಡು ತುಂಬಿ ತುಳುಕದಂತೆ ತಡೆಯುತ್ತದೆ, ಒಳಗೆ ಹೋದವರ ಸ್ವಾತಂತ್ರ್ಯಕ್ಕೂ ಕೈ ಹಾಕುವುದಿಲ್ಲ.

ಪರ್ಮಿಟ್ ಸಿಗಲಿಲ್ಲ ಎನ್ನುವವರನ್ನು ಯಾವ ಬಾಗಿಲು ಕೇಳಿದಿರಿ ಎಂದು ವಿಚಾರಿಸಿ ನೋಡಿ. ಹ್ಯಾಪಿ ಐಲ್ಸ್, ಕ್ಯಾಥೆಡ್ರಲ್ ಲೇಕ್ಸ್, ಲೈಯಲ್ ಕ್ಯಾನ್ಯನ್, ಈ ಮೂರರಲ್ಲಿ ಒಂದಾಗಿರುತ್ತದೆ. ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ನೆತ್ತಿಗೆ ಹೋಗುವವರು ಯೊಸೆಮಿಟಿ ಕಣಿವೆಯಲ್ಲಿರುವ ಹ್ಯಾಪಿ ಐಲ್ಸ್‌ಗೆ ಮುಗಿಬೀಳುತ್ತಾರೆ. ಜಾನ್ ಮ್ಯೂರ್ ಟ್ರೇಲ್‌ನ ಸುಮಾರು 211 ಮೈಲಿ ನಡೆಯುವವರೂ ಅಲ್ಲೇ ಸಾಲು ಹಿಡಿಯುತ್ತಾರೆ. ಅದೇ ವಾರ, ಅದೇ ಉದ್ಯಾನದ ಚಿಲ್ನುವಾಲ್ನಾ ಫಾಲ್ಸ್, ಆಲ್ಡರ್ ಕ್ರೀಕ್, ರಾಂಚೇರಿಯಾ ಫಾಲ್ಸ್ ಕಡೆಯ ಸ್ಥಾನಗಳು ಎಷ್ಟೋ ಸಲ ಹಾಗೆಯೇ ಉಳಿದಿರುತ್ತವೆ.

ಹಾಫ್ ಡೋಮ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಕೇಬಲ್ ಹಿಡಿದು ಹತ್ತುವ ಕೊನೆಯ ಭಾಗಕ್ಕೆ ದಿನಕ್ಕೆ 300 ಜನರ ಮಿತಿ ಇದೆ. ಅದರಲ್ಲಿ ಸುಮಾರು 75 ಸ್ಥಾನಗಳು ಕಾಡಿನಲ್ಲಿ ತಂಗಿ ಬರುವ ನಮ್ಮಂಥವರಿಗೆ. ಒಂದೇ ದಿನದಲ್ಲಿ ಹೋಗಿ ಬರುವವರಿಗೆ ಬೇರೆಯದೇ ಲಾಟರಿ ಇದೆ. ನಾವು ವೈಲ್ಡರ್ನೆಸ್ ಪರ್ಮಿಟ್ ಕೇಳುವಾಗಲೇ ಹಾಫ್ ಡೋಮನ್ನೂ ಸೇರಿಸಿ ಕೇಳಬಹುದು, ನಮ್ಮ ದಾರಿ ಆ ಕಡೆಗೆ ಹಾದುಹೋಗುವಂತಿದ್ದರೆ ಸಾಕು. ಹಾಗಿರುವಾಗ ಹ್ಯಾಪಿ ಐಲ್ಸ್‌ನಿಂದಲೇ ಏಕೆ ಹೊರಡಬೇಕು? ಟೆನಾಯಾ ಸರೋವರದ ಪಕ್ಕದಲ್ಲಿ ಸನ್‌ರೈಸ್ ಲೇಕ್ಸ್ ಟ್ರೇಲ್‌ಹೆಡ್ ಇದೆ, 8,000 ಅಡಿಗಿಂತ ಮೇಲೆ. ಮೊದಲ ರಾತ್ರಿ ಸನ್‌ರೈಸ್ ಸರೋವರಗಳ ಬಳಿ. ಮರುದಿನ 9,926 ಅಡಿಯ ಕ್ಲೌಡ್ಸ್ ರೆಸ್ಟ್ ಬಂಡೆಯ ಏಣಿನ ಮೇಲೆ ನಡೆಯಬೇಕು. ಎರಡೂ ಪಕ್ಕ ಇಳಿಜಾರು. ಎದುರಿಗೆ, ಕೆಳಗೆ ಹಾಫ್ ಡೋಮ್. ಹಾಫ್ ಡೋಮನ್ನು ಮೇಲಿನಿಂದ ನೋಡುವ ಭಾಗ್ಯ ಕಣಿವೆಯಿಂದ ಹತ್ತಿ ಬಂದು ಹಾಗೆಯೇ ಇಳಿದು ಹೋಗುವವರಿಗೆ ಇಲ್ಲ. ಅಲ್ಲಿಂದ ಇಳಿದು ಲಿಟಲ್ ಯೊಸೆಮಿಟಿ ವ್ಯಾಲಿಯಲ್ಲಿ ಎರಡನೆಯ ರಾತ್ರಿ ಕಳೆದು, ಬೆಳಗಿನ ಜಾವ, ಜನ ಬರುವುದಕ್ಕೆ ಮುಂಚೆ ಕೇಬಲ್ ಹತ್ತಿ, ಮಧ್ಯಾಹ್ನ ನೆವಾಡಾ ಜಲಪಾತದ ಪಕ್ಕದಲ್ಲಿ ಕಣಿವೆಗೆ ಇಳಿದರೆ ಮುಗಿಯಿತು. ಒಟ್ಟು ನೋಡಿದರೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು. ಕಣಿವೆಯಿಂದ ಟೆನಾಯಾ ಸರೋವರದ ಕಡೆಗೆ ಬೇಸಿಗೆಯಲ್ಲಿ ಯಾರ್ಟ್ಸ್ ಬಸ್ ಓಡುತ್ತದೆ. ಸನ್‌ರೈಸ್ ಲೇಕ್ಸ್ ಪರ್ಮಿಟ್ ಸುಲಭವಾಗಿ ಸಿಗುತ್ತದೆ ಎಂದು ಹೇಳಲಾರೆ, ಆದರೆ ಹ್ಯಾಪಿ ಐಲ್ಸ್‌ನಷ್ಟು ಪೈಪೋಟಿ ಅಲ್ಲಿಲ್ಲ. ದಾರಿಯ ಸೊಗಸಿನಲ್ಲಂತೂ ನನ್ನ ಮಟ್ಟಿಗೆ ಅದೇ ಮೇಲು.

ಇನ್ನು ಕೇಳುವ ಕ್ರಮ. ಪ್ರತಿ ಬಾಗಿಲಿನ ಕೋಟಾದಲ್ಲಿ ಶೇಕಡಾ 60ರಷ್ಟು ಲಾಟರಿಗೆ, ಉಳಿದ ಶೇಕಡಾ 40 ಹೊರಡುವ ದಿನಕ್ಕೆ ಏಳು ದಿನ ಮುಂಚೆ ಬಿಡುಗಡೆಯಾಗುತ್ತದೆ. ಎರಡೂ ರಿಕ್ರಿಯೇಷನ್ ಡಾಟ್ ಗವ್ ಜಾಲತಾಣದಲ್ಲೇ. ಲಾಟರಿ 24 ವಾರ ಮುಂಚಿತವಾಗಿ ನಡೆಯುತ್ತದೆ. ಜುಲೈ ಮೂರನೆಯ ವಾರ ಹೋಗಬೇಕೆಂದರೆ ಜನವರಿ ಕೊನೆಯ ಹೊತ್ತಿಗೆ ಅರ್ಜಿ ಹಾಕಿರಬೇಕು. ಭಾನುವಾರದಿಂದ ಶನಿವಾರದವರೆಗೆ ಅರ್ಜಿ, ಸೋಮವಾರ ಫಲಿತಾಂಶ, ಗುರುವಾರದೊಳಗೆ ಒಪ್ಪಿಕೊಂಡು ಹಣ ಕಟ್ಟಬೇಕು. ಯಾರೂ ಒಪ್ಪಿಕೊಳ್ಳದೆ ಉಳಿದದ್ದು ಶುಕ್ರವಾರ ಬೆಳಿಗ್ಗೆ ಎಲ್ಲರಿಗೂ ತೆರೆಯುತ್ತದೆ. ಈ ಶುಕ್ರವಾರದ ವಿಷಯ ಬಹಳ ಜನರಿಗೆ ಗೊತ್ತೇ ಇಲ್ಲ. ಲಾಟರಿಯಲ್ಲಿ ಬರಲಿಲ್ಲವೆಂದು ಸೋಮವಾರವೇ ಆಸೆ ಬಿಡುತ್ತಾರೆ.

ಅರ್ಜಿ ಯಾರು ಮೊದಲು ಹಾಕಿದರು ಎಂಬುದಕ್ಕೆ ಲಾಟರಿಯಲ್ಲಿ ಬೆಲೆಯಿಲ್ಲ. ವಾರದ ಯಾವ ಗಳಿಗೆಯಲ್ಲಿ ಹಾಕಿದರೂ ಒಂದೇ. ಇದು ನ್ಯಾಯ ಎಂದು ನಾನು ಮನಸಾರೆ ನಂಬುತ್ತೇನೆ. ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್, ಮಕ್ಕಳನ್ನು ಶಾಲೆಗೆ ಬಿಡುವ ತಾಯಿ, ಊರ ಹೊರಗಿನ ನಿಧಾನದ ಇಂಟರ್ನೆಟ್‌ನಲ್ಲಿ ಕೂತವನು, ಎಲ್ಲರಿಗೂ ಅಲ್ಲಿ ಒಂದೇ ಅವಕಾಶ. ಕೆಲವು ವರ್ಷಗಳ ಹಿಂದಿನವರೆಗೂ ಇದೇ ಅರ್ಜಿಯನ್ನು ಫ್ಯಾಕ್ಸ್‌ನಲ್ಲಿ ಕಳುಹಿಸುತ್ತಿದ್ದೆವು. ಯಂತ್ರ ಬದಲಾದರೂ ಚೀಟಿ ಎತ್ತುವ ತತ್ವ ಬದಲಾಗಲಿಲ್ಲ, ಸದ್ಯ.

ಅರ್ಜಿಯಲ್ಲಿ ಒಂದೇ ಬಾಗಿಲು, ಒಂದೇ ದಿನ ಬರೆದು ಕೈಕಟ್ಟಿ ಕೂರಬೇಡಿ. ಆಯ್ಕೆಗಳನ್ನು ಕ್ರಮವಾಗಿ ಕೊಡಲು ಅವಕಾಶವಿದೆ, ಅದನ್ನು ಪೂರ್ತಿ ಬಳಸಿ. ಶುಕ್ರವಾರ, ಶನಿವಾರಗಳ ಬದಲು ಸೋಮವಾರ, ಮಂಗಳವಾರ ಹೊರಡುವಂತೆ ರಜೆ ಹಾಕಿ. ಕೋಟಾ ಲೆಕ್ಕ ಹಾಕುವುದು ತಲೆಗಳನ್ನು, ಗುಂಪುಗಳನ್ನಲ್ಲ. ಎಂಟು ಜನರಿಗೆ ಒಟ್ಟಿಗೆ ಜಾಗ ಸಿಗುವುದಕ್ಕಿಂತ ಇಬ್ಬರಿಗೋ ಮೂವರಿಗೋ ಸಿಗುವುದು ಸುಲಭ. ಬಳಗವನ್ನೆಲ್ಲ ಕರೆದುಕೊಂಡು ಹೋಗುವ ಹುಮ್ಮಸ್ಸು ನನಗೆ ಅರ್ಥವಾಗುತ್ತದೆ, ಆದರೆ ಅದಕ್ಕೆ ಕಾರು ಹೋಗುವ ಕ್ಯಾಂಪ್‌ಗ್ರೌಂಡೇ ಸರಿಯಾದ ಜಾಗ.

ಹಿಮದ ಲೆಕ್ಕವನ್ನೂ ಇಟ್ಟುಕೊಳ್ಳಿ. ಜೂನ್ ತಿಂಗಳಿಗೆಂದು ಜನವರಿಯಲ್ಲಿ ಅರ್ಜಿ ಹಾಕುವಾಗ, ಚಳಿಗಾಲದಲ್ಲಿ ಹಿಮದಿಂದ ಮುಚ್ಚುವ ಟಿಯೋಗಾ ರಸ್ತೆ ಯಾವಾಗ ತೆರೆಯುತ್ತದೆ ಎಂದು ಯಾರಿಗೂ ತಿಳಿದಿರುವುದಿಲ್ಲ. 2023ರಲ್ಲಿ ಅದು ತೆರೆದದ್ದು ಜುಲೈ 22ಕ್ಕೆ. ಟುವಾಲಮಿ ಮೆಡೋಸ್ ಸುತ್ತಲಿನ ಬಾಗಿಲುಗಳೆಲ್ಲ ಆ ರಸ್ತೆಯ ಮೇಲೇ ಇವೆ. ನನ್ನನ್ನು ಕೇಳಿದರೆ ಜೂನ್‌ಗೆ ವಾವೋನಾ ಅಥವಾ ಹೆಚ್ ಹೆಚಿ ಕಡೆಯ ತಗ್ಗಿನ ದಾರಿಗಳು, ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ಗೆ ಎತ್ತರದವು. ಸೆಪ್ಟೆಂಬರ್‌ನಲ್ಲಿ ಸೊಳ್ಳೆಯೂ ಇಲ್ಲ, ಶಾಲೆ ಶುರುವಾಗಿರುವುದರಿಂದ ಜನರೂ ಕಡಿಮೆ.

ಈಗ ಆ ಏಳು ದಿನ ಮುಂಚಿನ ಬೆಳಿಗ್ಗೆ ಏಳು ಗಂಟೆ. ಜಾಲತಾಣದಲ್ಲಿ ಒಂದು ದೊಡ್ಡ ಕೋಷ್ಟಕ ಕಾಣುತ್ತದೆ. ಎಡಗಡೆ ಟ್ರೇಲ್‌ಹೆಡ್‌ಗಳ ಹೆಸರು, ಮೇಲೆ ದಿನಾಂಕಗಳು, ಚೌಕಗಳಲ್ಲಿ ಉಳಿದಿರುವ ಸ್ಥಾನಗಳ ಸಂಖ್ಯೆ. ಮುಂಚೆಯೇ ಲಾಗಿನ್ ಆಗಿ, ಜನರ ಸಂಖ್ಯೆ ತುಂಬಿ, ಕಾರ್ಡಿನ ವಿವರ ಉಳಿಸಿಟ್ಟುಕೊಂಡಿರಬೇಕು. ಏಳು ಹೊಡೆಯುತ್ತಿದ್ದಂತೆ ಲೈಯಲ್ ಕ್ಯಾನ್ಯನ್ ಎದುರಿನ ಸಂಖ್ಯೆ ಕಣ್ಣೆದುರಿಗೇ ಕರಗಿ ಸೊನ್ನೆಯಾಗುತ್ತದೆ. ಹೆಚ್ಚಿನವರು ಆಗಲೇ ಪರದೆ ಮುಚ್ಚಿಬಿಡುತ್ತಾರೆ. ನೀವು ಮುಚ್ಚಬೇಡಿ. ಸ್ಥಾನ ಹಿಡಿದವರಿಗೆ ಹಣ ಕಟ್ಟಲು 15 ನಿಮಿಷದ ಗಡುವು ಇರುತ್ತದೆ. ಗೆಳೆಯರನ್ನು ಕೇಳಿ ಮನಸ್ಸು ಬದಲಿಸಿದವರು, ಇಬ್ಬಿಬ್ಬರು ಕೂತು ಎರಡೆರಡು ಹಿಡಿದವರು ಬಿಟ್ಟುಕೊಟ್ಟದ್ದು ಏಳೂಕಾಲರ ಸುಮಾರಿಗೆ ಮತ್ತೆ ಚೌಕಗಳಲ್ಲಿ ಮೂಡುತ್ತದೆ. ಕಾಫಿ ಮುಗಿಯುವವರೆಗೆ ಕಾದು ಸ್ಥಾನ ಪಡೆದವರನ್ನು ನಾನು ಬಲ್ಲೆ.

ಬಾಗಿಲಿನ ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿ. ಹ್ಯಾಪಿ ಐಲ್ಸ್ ಎಂದೇ ಎರಡು ಸಾಲುಗಳಿವೆ. ಒಂದರಲ್ಲಿ ಮೊದಲ ರಾತ್ರಿ ಲಿಟಲ್ ಯೊಸೆಮಿಟಿ ವ್ಯಾಲಿಯಲ್ಲೇ ತಂಗಬೇಕು, ಇನ್ನೊಂದರಲ್ಲಿ ಅದನ್ನು ದಾಟಿಯೇ ಹೋಗಬೇಕು. ಜಾನ್ ಮ್ಯೂರ್ ಟ್ರೇಲ್ ಹಿಡಿದು ದಕ್ಷಿಣಕ್ಕೆ ಹೋಗುವವರು ಡೊನೊಹ್ಯೂ ಪಾಸ್ ದಾಟಿ ಉದ್ಯಾನದಿಂದ ಹೊರಬೀಳಬೇಕು. ಆ ಕಣಿವೆದಾರಿಗೇ ದಿನಕ್ಕೆ 45 ಜನರ ಬೇರೆ ಮಿತಿ ಇದೆ. ಅದನ್ನು ದಾಟಲು ಅನುಮತಿ ಇರುವ ಸಾಲನ್ನೇ ಆರಿಸಬೇಕು.

ಯೊಸೆಮಿಟಿಯ ಹೊರಗೆ, ಪೂರ್ವ ಸಿಯೆರಾ ಬೆಟ್ಟಗಳ ಇನ್ಯೋ ರಾಷ್ಟ್ರೀಯ ಅರಣ್ಯದ ಪದ್ಧತಿ ಬೇರೆ. ಅಲ್ಲಿ ಶೇಕಡಾ 60 ಆರು ತಿಂಗಳ ಮುಂಚೆ, ಶೇಕಡಾ 40 ಎರಡು ವಾರ ಮುಂಚೆ, ಎರಡೂ ಬೆಳಿಗ್ಗೆ ಏಳಕ್ಕೆ, ಮೊದಲು ಬಂದವರಿಗೆ ಮೊದಲು. ಮೌಂಟ್ ವಿಟ್ನಿಗೆ ಮಾತ್ರ ಫೆಬ್ರವರಿಯಲ್ಲಿ ಲಾಟರಿ. ದಿನಕ್ಕೆ ಹಗಲು ಹೋಗಿ ಬರುವವರು 100, ರಾತ್ರಿ ತಂಗುವವರು 60. ವಿಟ್ನಿಯ ಗದ್ದಲ ಬೇಡವಾದವರಿಗೆ ಕಾಟನ್‌ವುಡ್ ಪಾಸ್ ಇದೆ, ಪೈಯೂಟ್ ಪಾಸ್ ಇದೆ.

ಇಷ್ಟೆಲ್ಲ ಮಾಡಿಯೂ ಸಿಗದಿದ್ದರೆ? ಯೊಸೆಮಿಟಿಗೆ ಉತ್ತರಕ್ಕೆ ಅಂಟಿಕೊಂಡೇ ಎಮಿಗ್ರಂಟ್ ವೈಲ್ಡರ್ನೆಸ್ ಇದೆ, ಸ್ಟ್ಯಾನಿಸ್ಲಾಸ್ ರಾಷ್ಟ್ರೀಯ ಅರಣ್ಯದ ಭಾಗ. ಪರ್ಮಿಟ್ ಉಚಿತ, ಕೋಟಾ ಇಲ್ಲ. ಅದೇ ಬಿಳಿ ಗ್ರ್ಯಾನೈಟ್, ಲೆಕ್ಕವಿಲ್ಲದಷ್ಟು ಸರೋವರಗಳು. ಉದ್ಯಾನದ ಗಡಿ ನಕಾಶೆಯಲ್ಲಿ ಮಾತ್ರ ಇದೆ, ಬಂಡೆಗಳ ಮೇಲಿಲ್ಲ. ಹೊಸದಾಗಿ ಚಾರಣ ಶುರು ಮಾಡುವವರಿಗೆ ನಾನು ಮೊದಲು ಹೇಳುವುದೇ ಅದನ್ನು. ಅಲ್ಲಿ ಎರಡು ರಾತ್ರಿ ಕಳೆದು ಬಂದವರು ಹಾಫ್ ಡೋಮ್ ವಿಷಯವನ್ನು ಸಾಮಾನ್ಯವಾಗಿ ಮರೆತಿರುತ್ತಾರೆ.

ಜಾಲತಾಣದಲ್ಲಿ ಸಿಕ್ಕಿದ್ದು ಕಾಯ್ದಿರಿಸುವಿಕೆ ಅಷ್ಟೇ. ಯೊಸೆಮಿಟಿಯಲ್ಲಿ ನಿಜವಾದ ಪರ್ಮಿಟನ್ನು ರೇಂಜರ್ ಮೇಜಿನ ಮುಂದೆ ನಿಂತೇ ಪಡೆಯಬೇಕು, ಹೊರಡುವ ಹಿಂದಿನ ದಿನ, ಅಥವಾ ಅದೇ ದಿನ ಬೆಳಿಗ್ಗೆ ಹತ್ತರೊಳಗೆ. ಹತ್ತು ದಾಟಿದರೆ ರದ್ದಾಗುತ್ತದೆ. ಅರ್ಜಿ ಹಾಕಿದ ಮುಂದಾಳಿಗೆ ಬರಲಾಗದಿದ್ದರೆ ಎಂಬ ಕಾರಣಕ್ಕೆ ಬದಲಿ ಮುಂದಾಳಿನ ಹೆಸರನ್ನು ಮೊದಲೇ ಸೇರಿಸಿಡಿ. ಮೇಜಿನ ಆಚೆಯವರು ನಿಧಾನವಾಗಿ ಕೇಳುತ್ತಾರೆ: ಮೊದಲ ರಾತ್ರಿ ಎಲ್ಲಿ, ಕರಡಿಗೆ ಸಿಗದಂತೆ ಆಹಾರ ಇಡುವ ಡಬ್ಬಿ ಇದೆಯೇ, ನೀರಿನಿಂದ 100 ಅಡಿ ದೂರ ಡೇರೆ ಹಾಕುವುದು ಗೊತ್ತೇ, 9,600 ಅಡಿಗಿಂತ ಮೇಲೆ ಬೆಂಕಿ ಹಾಕಬಾರದೆಂಬುದು ಗೊತ್ತೇ. ಅವಸರ ಮಾಡಬೇಡಿ, ಅವರನ್ನು ಮಾತಾಡಿಸಿ. ಯಾವ ಹಳ್ಳ ದಾಟಲಾಗದಷ್ಟು ತುಂಬಿದೆ, ಯಾವ ಸರೋವರದ ದಂಡೆಯಲ್ಲಿ ಕರಡಿ ಓಡಾಡುತ್ತಿದೆ ಎಂಬ ಆ ವಾರದ ಸುದ್ದಿ ಯಾವ ಜಾಲತಾಣದಲ್ಲೂ ಇರುವುದಿಲ್ಲ. ಪರ್ಮಿಟ್ ಇದ್ದವರು ಹಿಂದಿನ ರಾತ್ರಿ ಬ್ಯಾಕ್‌ಪ್ಯಾಕರ್ಸ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಪ್ರತ್ಯೇಕ ಬುಕಿಂಗ್ ಇಲ್ಲದೆ ತಂಗಬಹುದು. ದೂರದಿಂದ ಕಾರು ಓಡಿಸಿಕೊಂಡು ಬಂದವರಿಗೆ ಇದು ದೊಡ್ಡ ಉಪಕಾರ.

ಒಂದು ವಿಷಯದಲ್ಲಿ ಮಾತ್ರ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಸಿಕ್ಕ ಪರ್ಮಿಟನ್ನು ಹಿಡಿದಿಟ್ಟುಕೊಂಡು, ಹೋಗದೆ, ರದ್ದೂ ಮಾಡದೆ ಸುಮ್ಮನಿರುವವರಿದ್ದಾರೆ. ಕಟ್ಟಿದ ಹಣ ವಾಪಸ್ ಬರುವುದಿಲ್ಲವಲ್ಲ, ರದ್ದು ಮಾಡಿ ಏನು ಪ್ರಯೋಜನ ಎಂಬ ವಾದ. ನೀವು ಹಿಡಿದಿರುವುದು ತಲೆಗೆ ಐದು ಡಾಲರಿನ ಚೀಟಿಯಲ್ಲ, ಆ ದಿನ ಆ ದಾರಿಯಲ್ಲಿ ನಡೆಯಬಹುದಾಗಿದ್ದ ಇಬ್ಬರ ಜಾಗ. ರದ್ದಾದ ಸ್ಥಾನ ಜಾಲತಾಣದ ಕೋಷ್ಟಕಕ್ಕೆ ಮರಳುತ್ತದೆ, ಅದನ್ನು ಕಾಯುತ್ತಾ ಕೂತವರು ಇದ್ದೇ ಇರುತ್ತಾರೆ. ಹೋಗಲಾಗುವುದಿಲ್ಲ ಎಂದು ಗೊತ್ತಾದ ದಿನವೇ, ಆದಷ್ಟು ಏಳು ದಿನಕ್ಕೂ ಮುಂಚೆ, ಖಾತೆ ತೆರೆದು ರದ್ದು ಮಾಡಿ. ಗುಂಪಿನಲ್ಲಿ ಒಬ್ಬರೇ ಹಿಂದೆ ಸರಿದರೆ ಆ ಒಂದು ಸ್ಥಾನವನ್ನಾದರೂ ಬಿಟ್ಟುಕೊಡಿ. ಎರಡು ನಿಮಿಷದ ಕೆಲಸ ಅದು.